ಮಕಾರಿಯೊ ಓದುತ್ತಿದ್ದ ಕಾಗದ

ಹಳೆಯ ಕಾಗದಗಳ ಪೆಟ್ಟಿಗೆ ತೆರೆಯುತ್ತಾರೆಂದು ಸಾನ್ ಮೆಲ್ಚೋರ್ ಊರಿಗೆ ಊರೇ ಹಿಗ್ಗುತ್ತಿದ್ದರೆ, ತೊಮಾಸಾಳಿಗೆ ಮಾತ್ರ ಬೆಳಗಿನಿಂದ ಯಾವ ಕೆಲಸಕ್ಕೂ ಕೈ ಓಡಲಿಲ್ಲ. ಸಭೆಗೆಂದು ತಮಾಲೆ ಕಡುಬು ಕಟ್ಟಲು ಕೂತವಳು ಮುಸುಕಿನ ಜೋಳದ ಹಿಟ್ಟು ಇಡುವುದನ್ನೇ ಮರೆತು ಬರೀ ಬಾಳೆಯೆಲೆ ಮಡಚಿಟ್ಟಳು.

ಆ ಪೆಟ್ಟಿಗೆಯನ್ನು ಕೊನೆಯುಸಿರಿರುವ ತನಕ ಕಾಯ್ದವನು ಅವಳ ಅಪ್ಪ ಮಕಾರಿಯೊ. ಪ್ರತಿ ವರ್ಷ ಊರಹಬ್ಬಕ್ಕೆ ಪೆಟ್ಟಿಗೆಗೆ ಧೂಪ ಹಾಕಿ, ನೆಲಕ್ಕೊಂದು ಗುಟುಕು ಮೆಸ್ಕಾಲ್ ಸಾರಾಯಿ ಚೆಲ್ಲಿ, ತಾನೂ ಒಂದು ಗುಟುಕು ಏರಿಸಿ, ಮೇಲಿನ ಹಾಳೆ ಎತ್ತಿ ಹಿಡಿದು ಓದುತ್ತಿದ್ದ. ಅಂತಿಂಥ ಓದಲ್ಲ ಅದು! ಹಿರಿಯರು ಮೋಡದಿಂದ ಇಳಿದು ಬಂದದ್ದು, ಗುಡ್ಡ ಎದ್ದು ಸರಿದು ಅವರಿಗೆ ಜಾಗ ಬಿಟ್ಟದ್ದು, ಹುಲಿಯೊಂದು ನಡೆದ ದಾರಿಯೇ ಊರಿನ ಗಡಿಯಾದದ್ದು. ಕೇಳುವವರ ಮೈ ಜುಮ್ಮೆನ್ನುತ್ತಿತ್ತು. ತೊಂದರೆ ಒಂದೇ, ಮಕಾರಿಯೊಗೆ ಓದು ಬರುತ್ತಿರಲಿಲ್ಲ. ಸಾಯುವ ಮುನ್ನ ಅದನ್ನು ಮಗಳ ಕಿವಿಯಲ್ಲಿ ಹೇಳಿ, ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿಕೊಂಡಿದ್ದ.

ಈಗ ನೆರೆಯ್ದಾ ಬಂದಿದ್ದಳು. ಪಕ್ಕದ ಕಣಿವೆಯ ಹುಡುಗಿ. ತಮ್ಮವರ ಝಪೊಟೆಕ್ ಭಾಷೆಯ ಹಳೆಯ ಕಾಗದಗಳನ್ನು ಊರೂರಲ್ಲಿ ಹುಡುಕಿ, ಧೂಳು ಕೊಡವಿ, ಹುಳ ಬಿಡಿಸಿ, ಫೋಟೊ ತೆಗೆದು, ಓದಿ ಹೇಳಿ, ಮತ್ತೆ ಆಯಾ ಊರಿಗೇ ಒಪ್ಪಿಸಿ ಹೋಗುವವಳು. ಮುನ್ನೂರು ವರ್ಷದ ಕೈಬರಹ ಅವಳಿಗೆ ನೀರು ಕುಡಿದಷ್ಟು ಸಲೀಸು. ಇವತ್ತು ಅಪ್ಪನ ಮಾನ ಮೂರು ಕಾಸಿಗೆ ಹೋಗುತ್ತದೆ ಎಂದು ತೊಮಾಸಾ ಸಭೆಯ ಮೂಲೆಯಲ್ಲಿ ಮುದುಡಿ ಕೂತಳು.

ನೆರೆಯ್ದಾ ಮೇಲಿನ ಹಾಳೆಯನ್ನೇ ಎತ್ತಿದಳು. ಹಾಳೆಯ ತಲೆಯಲ್ಲೊಂದು ದಪ್ಪ ಶಿಲುಬೆ, ಕೆಳಗೆ ಮಸಿಯ ಸಾಲುಗಳು. "ಇದು ನಿಮ್ಮೂರೋರು ಪಾದ್ರಿ ಮೇಲೆ ಬರೆದಿರೋ ದೂರು," ಎಂದು ಓದತೊಡಗಿದಳು. "ಪಾದ್ರಿಗಳಿಗೆ ದಿನಾ ಕೋಳಿ ಬೇಕು. ಬಡಕಲು ಕೋಳಿ ಕೊಟ್ರೆ ಮೂತಿ ತಿರುಗಿಸ್ತಾರೆ. ಊರಲ್ಲಿ ಕೂಗೋಕೆ ಒಂದು ಹುಂಜಾನೂ ಉಳಿದಿಲ್ಲ. ಬೆಳಗಾಗಿದ್ದು ಗೊತ್ತಾಗದೆ ನಾವೆಲ್ಲ ಮಲಗೇ ಇರ್ತೀವಿ."

ಸಭೆ ಬಿದ್ದು ಬಿದ್ದು ನಕ್ಕಿತು. "ಅಯ್ಯೋ, ಇದು ನಮ್ಮಜ್ಜಿ ಬೈತಿದ್ದ ಮಾತೇ ಕಣ್ರೋ!" ಎಂದು ಮುದುಕಿ ಪಾಸ್ಕ್ವಾಲಾ ತೊಡೆ ತಟ್ಟಿಕೊಂಡಳು. ಊರಿನ ಅಧ್ಯಕ್ಷ ಒನೋರಿಯೊ ಕಣ್ಣೊರೆಸಿಕೊಳ್ಳುತ್ತ ಬಾಯ್ತಪ್ಪಿ ಕೇಳಿಬಿಟ್ಟ, "ಅದ್ಸರಿ ತಾಯಿ, ಮೋಡ, ಹುಲಿ ಎಲ್ಲಿ?"

"ಯಾವ ಹುಲಿ? ಇದ್ರಲ್ಲಿ ಬರೀ ಕೋಳಿ ಇದೆ," ಎಂದಳು ನೆರೆಯ್ದಾ.

ನಗು ನಿಂತಿತು. ಬೇರೆ ಯಾರಾದರೂ ಅಪ್ಪನನ್ನು ಆಡಿಕೊಳ್ಳುವ ಮೊದಲು ತಾನೇ ಹೇಳಿಬಿಡುವುದು ಮೇಲು ಎಂದು ತೊಮಾಸಾ ಎದ್ದು ನಿಂತಳು. "ನಮ್ಮಪ್ಪಂಗೆ ಓದೋಕೆ ಬರ್ತಿರ್ಲಿಲ್ಲ. ಎಲ್ಲಾ ಅವನೇ ಕಟ್ಟಿ ಹೇಳ್ತಿದ್ದ. ತಪ್ಪು ತಿಳ್ಕೋಬೇಡಿ."

"ಹುಚ್ಚು ಮುಂಡೇದೆ," ಎಂದಳು ಪಾಸ್ಕ್ವಾಲಾ, "ಅದು ಯಾರಿಗೆ ಗೊತ್ತಿರ್ಲಿಲ್ಲ? ಪ್ರತಿ ವರ್ಷ ಕಾಗದ ತಲೆಕೆಳಗು ಹಿಡ್ಕೋತಿದ್ದ! ಶಿಲುಬೆ ಕೆಳಗೆ ನೇತಾಡ್ತಿತ್ತು!"

"ನಮ್ಮಪ್ಪ ಒಂದ್ಸಲ ಅದ್ನ ಹೇಳೋಕೆ ಹೋದ್ರು," ಎಂದ ಒನೋರಿಯೊ. "ಅಮ್ಮ ಕಾಲು ತುಳಿದ್ಲು. ಸರಿಯಾಗಿ ಹಿಡ್ಕೊಂಡ್ರೆ ಎಲ್ಲಿ ಕತೆ ನಿಂತೋಗುತ್ತೋ ಅಂತ."

ಇಷ್ಟು ವರ್ಷ ತಾನೊಬ್ಬಳೇ ಹೊತ್ತಿದ್ದೇನೆಂದುಕೊಂಡ ಗುಟ್ಟನ್ನು ಊರೆಲ್ಲ ಅಪ್ಪನಿಗಾಗಿ ಮುಚ್ಚಿಟ್ಟುಕೊಂಡಿತ್ತು. ತೊಮಾಸಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ನೆರೆಯ್ದಾ ಧ್ವನಿ ಹಿಡಿಯುವ ಯಂತ್ರವನ್ನು ಮೇಜಿನ ಮೇಲಿಟ್ಟಳು. "ಹಾಗಾದ್ರೆ ಆ ಹುಲಿ ಕತೇನೂ ಈ ಪೆಟ್ಟಿಗೇದೇ. ಅದೂ ಉಳೀಬೇಕು. ಯಾರು ಹೇಳ್ತೀರಿ?"

ನಾನು ತಾನು ಎಂದು ಎಲ್ಲರೂ ಒಟ್ಟಿಗೇ ಬಾಯಿ ತೆರೆದರು. "ಸುಮ್ನಿರ್ರೋ, ಮಗಳಿದ್ದಾಳೆ," ಎಂದು ಪಾಸ್ಕ್ವಾಲಾ ಗದರಿದಳು.

ತೊಮಾಸಾ ಲಂಗಕ್ಕೆ ಕೈ ಒರೆಸಿಕೊಂಡು ಮುಂದೆ ಬಂದಳು. ನೆರೆಯ್ದಾ ಹಾಳೆಯನ್ನು ಜೋಪಾನವಾಗಿ ಅವಳ ಕೈಗಿತ್ತಳು. ಮೇಲಿದ್ದ ಶಿಲುಬೆಯನ್ನು ತೊಮಾಸಾ ಒಂದು ಗಳಿಗೆ ನೋಡಿದಳು. ಆಮೇಲೆ ಹಾಳೆಯನ್ನು ಮೆಲ್ಲಗೆ ತಲೆಕೆಳಗು ಮಾಡಿ ಹಿಡಿದು, ಸಭೆಯ ನಗು ಇಳಿಯುವ ತನಕ ಕಾದು, ಅಪ್ಪನ ಹಾಗೆಯೇ ಗಂಟಲು ಸರಿಮಾಡಿಕೊಂಡು ಓದತೊಡಗಿದಳು.