ಹಿರಿಯರಿಗೆ ಬಿಳಿ ವೈನ್

ಹಿರಿಯರ ಹಬ್ಬ ಭಾನುವಾರ ಬಿದ್ದಿತ್ತು. ಯಶ್ವಂತ್ ಅದೇ ದಿನ ತನ್ನ ಮ್ಯಾನೇಜರ್ ಸಿದ್ಧಾರ್ಥ ಅವರನ್ನು ಮೂಡಲಪಾಳ್ಯದ ಮನೆಗೆ ಊಟಕ್ಕೆ ಕರೆದಿದ್ದ. ಟರ್ಕಿ ಸುತ್ತಿ ಬಂದಿದ್ದ ಅವರು, ಅಲ್ಲಿಯ ಬಿಳಿ ವೈನ್ ತರುತ್ತೇನೆಂದು ಮೊದಲೇ ಹೇಳಿದ್ದರು. ಜೊತೆಗೊಂದು ಎಚ್ಚರಿಕೆ: ಖಾರ ಜಾಸ್ತಿಯಾದರೆ ವೈನಿನ ರುಚಿ ಸಾಯುತ್ತದೆ, ನಿಂಬೆ ಹಿಂಡಿದ ಮೀನು, ಪನೀರು, ಸೊಪ್ಪು ಆದರೆ ಹೊಂದುತ್ತದೆ.

ಆ ಎಚ್ಚರಿಕೆಯನ್ನು ಯಶ್ವಂತ್ ಬೆಳಿಗ್ಗೆಯೇ ಅಡುಗೆಮನೆಗೆ ಸಾಗಿಸಿದ.

"ಮೀನಿಗೆ ಖಾರದಪುಡಿ ಅರ್ಧಕ್ಕರ್ಧ ಕಮ್ಮಿ ಮಾಡಮ್ಮ."

"ನಿಮ್ಮಪ್ಪನ ಎಡೆಗಿಡೋ ಮೀನು ಕಣೋ ಇದು," ಎಂದಳು ಮುನಿತಾಯಮ್ಮ. "ನೆತ್ತಿ ಬೆವರಲಿಲ್ಲ ಅಂದ್ರೆ ತಟ್ಟೆ ತಳ್ಳೋರು."

"ಅಪ್ಪ ಅಡ್ಜಸ್ಟ್ ಮಾಡ್ಕೋತಾರೆ ಬಿಡು. ಸಾರ್ ಮಾಡ್ಕೊಳಲ್ಲ."

ಅವಳು ಒಂದು ಚಮಚ ಪುಡಿಯನ್ನು ಡಬ್ಬಿಗೆ ವಾಪಸು ಸುರಿದಳು.

ಮಧ್ಯಾಹ್ನ ಸಿದ್ಧಾರ್ಥ ಬಾಟಲಿಯ ಬೆನ್ನಿನ ಚೀಟಿ ಓದಿದರು. "ಎರಡು ದ್ರಾಕ್ಷಿ ಬೆರೆಸಿದಾರೆ. ಒಂದು ಎಮಿರ್, ಇನ್ನೊಂದು ನಾರಿಂಜೆ."

"ನಾರಿಯೇ 'ಅಂಜೆ' ಅಂದ್ಮೇಲೆ ನಾವ್ಯಾಕೆ ಅಂಜ್ಬೇಕು, ಸುರೀರಿ ಸಾರ್," ಎಂದ ಯಶ್ವಂತ್.

"ಮೊದ್ಲು ಹಿರೀಕರಿಗೆ," ಎಂದು ಮುನಿತಾಯಮ್ಮ ಸ್ಟೀಲ್ ಲೋಟ ಒಡ್ಡಿದಳು. ಒಳಕೋಣೆಯಲ್ಲಿ, ಎರಡು ವರ್ಷದ ಹಿಂದೆ ತೀರಿಕೊಂಡ ಗಂಡ ಮರಿಯಪ್ಪನ ಫೋಟೋದ ಮುಂದೆ ಬಾಳೆಯೆಲೆಯ ಮೇಲೆ ಮಟನ್ ಸಾರು, ವಡೆ, ಕಡುಬು, ಮೀನು. ಪಕ್ಕದಲ್ಲಿ ಲೋಟ ಇಟ್ಟು, ಹೊರಬಂದು ಬಾಗಿಲು ಎಳೆದುಕೊಂಡಳು. ಹಿರಿಯರು ಬಂದು ಉಂಡು ಹೋಗುವ ತನಕ ಯಾರೂ ಒಳಗೆ ಕಾಲಿಡುವಂತಿಲ್ಲ.

"ಎಲ್ಲಾ ವೈನಾಗಿ ಇಟ್ಟಿದೀನಿ," ಎಂದಳು.

ಸಿದ್ಧಾರ್ಥ ನಕ್ಕರು. "ಆಂಟೀನೂ ಪನ್ ಮಾಡ್ತಾರಲ್ಲ."

"ಪನ್ ಅಲ್ಲ ಸಾರ್. ಅಚ್ಚುಕಟ್ಟಾಗಿ ಅಂತ, ಅವರ ಭಾಷೆ," ಎಂದ ಯಶ್ವಂತ್. 'ನಮ್ಮ' ಎನ್ನಲು ನಾಲಿಗೆ ಹೊರಳಲಿಲ್ಲ. ಅವಳು ಉಳಿದ ವಡೆ ಕರಿಯಲು ಅಡುಗೆಮನೆಗೆ ಹೋದಳು.

ಸಿದ್ಧಾರ್ಥ ಮೆಲ್ಲಗೆ ಕೇಳಿದರು, "ನಿಮ್ಮ ಫಾದರ್‌ಗೆ ಇದು ಹಿಡಿಸತ್ತಾ?"

ಅನುಕರಣೆ ಮಾಡು ಎಂದು ಯಶ್ವಂತನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸಂದು ಸಿಕ್ಕರೆ ಸಾಕು. ಗಂಟಲು ಕೆರೆದು, ಎದೆಯಾಳದಿಂದ ಅಪ್ಪನ ದನಿ ಎಳೆದ.

"ಏನ್ಲಾ ಯಸ್ವಂತ, ಯಾವ್ ಸೀಮೆ ಹೆಂಡವೋ ಇದು? ಹುಣಸೆಹುಳಿ ಕಿವುಚಿದಂಗೈತಲ್ಲೋ. ಮೀನೂ ಅಷ್ಟೇ, ಸಪ್ಪೆ ಸಪ್ಪೆ. ನಿಮ್ಮವ್ವ ಕೈರುಚಿ ಮಾರ್ಕೊಂಡ್ಲಾ?"

ಸಿದ್ಧಾರ್ಥ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾಗ ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು.

ಮುನಿತಾಯಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಕೈಯೆಲ್ಲ ಹಿಟ್ಟು. ನೋಟ ಮುಚ್ಚಿದ ಬಾಗಿಲ ಮೇಲೆ.

"ಬಂದ್ರಾ?"

ಅವಳು ಆ ಕಡೆಗೆ ಒಂದು ಹೆಜ್ಜೆ ಇಟ್ಟಳು.

"ನಂಗೆ ಕೇಳಿಸ್ತು. ಸಪ್ಪೆ ಅಂದ್ರು. ಎರಡು ವರ್ಷ ಆದ್ಮೇಲೆ ಬಂದವ್ರೆ, ಸಪ್ಪೆ ಮೀನು ಇಟ್ಬಿಟ್ಟೆ."

ಸಿದ್ಧಾರ್ಥ ತಲೆ ತಗ್ಗಿಸಿ ಬಾಟಲಿಯ ಚೀಟಿಯನ್ನು ಮತ್ತೆ ಓದತೊಡಗಿದರು. ಯಶ್ವಂತ್ ಹೌದು ಎಂದುಬಿಡಬಹುದಿತ್ತು, ಅವಳು ಅದನ್ನೇ ಕಾಯುತ್ತಿದ್ದಳು. ಹೌದೆಂದರೆ ಅಪ್ಪ ಉಪವಾಸ ಎದ್ದುಹೋದರೆಂದು ವರ್ಷವಿಡೀ ಕೊರಗುತ್ತಾಳೆ. ಯಾವ ದನಿ ಬೇಕಾದರೂ ತೆಗೆಯುವ ಯಶ್ವಂತನಿಗೆ ಸ್ವಂತ ದನಿ ಹುಡುಕುವುದೇ ಕಷ್ಟವಾಯಿತು.

"ಅದು ನಾನು ಕಣಮ್ಮ. ಸಾರ್‌ನ ನಗ್ಸೋಕೆ."

ಅವಳು ಅವನನ್ನು ನೋಡಲಿಲ್ಲ. ಹಿಟ್ಟಿನ ಕೈಯಲ್ಲೇ ಸೆರಗು ಸರಿಮಾಡಿಕೊಂಡು ಅತಿಥಿಯ ಕಡೆ ತಿರುಗಿದಳು.

"ಚಿಕ್ಕೋನಿಂದ್ಲೂ ಹಿಂಗೇ ಸಾರ್. ಎಲ್ಲಾರ ತರಾನೂ ಮಾತಾಡ್ತಾನೆ. ತಪ್ಪು ತಿಳ್ಕೋಬ್ಯಾಡಿ."

ಬಾಗಿಲು ತೆರೆದು ಒಳಗೆ ಹೋಗಿ ಮುಚ್ಚಿಕೊಂಡಳು. ತೆಳ್ಳನೆಯ ಪ್ಲೈವುಡ್, ಒಳಗಿನ ಪಿಸುಮಾತೂ ಹೊರಗಿನ ಹಾಲ್‌ಗೆ ಕೇಳುತ್ತಿತ್ತು.

"ಉಣ್ರೀ, ಕೋಪ ಮಾಡ್ಕೋಬ್ಯಾಡಿ. ಖಾರ ನಾನೇ ಮರ್ತೆ. ಹುಡ್ಗನ್ನ ಏನೂ ಅನ್ಬ್ಯಾಡಿ."

ಯಶ್ವಂತ್ ಕಿವಿ ಮುಚ್ಚಿಕೊಳ್ಳಬೇಕೆಂದುಕೊಂಡ. ಎದುರಿಗೆ ಸಿದ್ಧಾರ್ಥ ಕೂತಿದ್ದರು. ಅವರಿಗೂ ಎಲ್ಲ ಕೇಳುತ್ತಿತ್ತು.