ಮರೆಯ ಹಿಂದಿನ ಇಪ್ಪತ್ತು

ಕೊಲ್ಲಿನಾಡಿನ ಖಾಲಿದಿಯಾ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ ಭಾನುವಾರ ಊಟವಾದ ಮೇಲೆ ನಿರಂಜನ ದೇವರಾಗುತ್ತಿದ್ದ. ಆಫೀಸಿನ ಫೈಲೊಂದನ್ನು ಬಿಡಿಸಿ ಮೇಜಿನ ಮೇಲೆ ಮರೆಯಾಗಿ ನಿಲ್ಲಿಸಿ, ಅದರ ಹಿಂದೆ ಇಪ್ಪತ್ತು ಮುಖದ ದಾಳ ಉರುಳಿಸಿ, ಬಿದ್ದ ಸಂಖ್ಯೆಯನ್ನು ಬಾಯಲ್ಲಿ ಹೇಳುತ್ತಿದ್ದ. ಕತೆ ಕಟ್ಟಿ ಆಟ ನಡೆಸುವವನು ಅವನು. ಕತೆಯೊಳಗೆ ಹೊಕ್ಕು ಆಡುವವರು ನರ್ಸ್ ಪರ್ಲ್ ಮತ್ತು ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮೊಬೈಲ್ ರಿಪೇರಿ ಮಾಡುವ ಸವಾದ್. ದಾಳ ನಿರಂಜನನದು, ದಾಳಿ ಭೂತಗಳದು. ಭೂತಕ್ಕೊಂದು ಗಂಟಲು ಕೊಡುವುದರಲ್ಲಿ ಅವನು ನಿಸ್ಸೀಮ. ಸೇತುವೆ ಕಾಯುವ ಭೂತ ವೀಸಾ ಅರ್ಜಿ ತುಂಬಿಸುವ ಟೈಪಿಂಗ್ ಸೆಂಟರಿನ ಗುಮಾಸ್ತನ ದನಿಯಲ್ಲಿ, "ಒರಿಜಿನಲ್ ಮಾಫಿ? ತಂದಿಲ್ವಾ? ಖಲಾಸ್, ನಾಳೆ ಬಾ" ಅಂದರೆ ಪರ್ಲ್ ನಕ್ಕು ನಕ್ಕು ಚಹಾ ಚೆಲ್ಲಿಕೊಳ್ಳುತ್ತಿದ್ದಳು.

ಈ ಭಾನುವಾರ ಅವಳು ನಗಲಿಲ್ಲ. ವಾರ್ಡಿನಲ್ಲಿ ಆ ವಾರ ಎರಡು ಸಾವು ಕಂಡು ಬಂದಿದ್ದಳು. ಆಟದಲ್ಲಿ ಅವಳು ಮೋಂತಿ ಎಂಬ ಮೀನುಗಾರ್ತಿ. ಮೈತುಂಬ ಗಾಯ, ಇನ್ನೊಂದು ಏಟು ತಡೆಯುವಂತಿರಲಿಲ್ಲ. ಭೂತ ಗದೆ ಎತ್ತಿತು. ಹನ್ನೆರಡು ದಾಟಿದರೆ ಮೋಂತಿ ಸತ್ತಂತೆ. ನಿರಂಜನ ದಾಳ ಉರುಳಿಸಿದ. ಇಪ್ಪತ್ತು.

"ಮೂರು," ಅಂದುಬಿಟ್ಟ.

ಪರ್ಲ್ ಉಸಿರು ಬಿಟ್ಟಳು. ಸವಾದ್ ಮೇಜು ತಟ್ಟಿ ಅವಳಿಗಿಂತ ಹೆಚ್ಚು ಖುಷಿಪಟ್ಟ. ಆ ಖುಷಿಯೇ ನಿರಂಜನನನ್ನು ಚುಚ್ಚಿತು. ಹೋದ ತಿಂಗಳು ಇದೇ ಮರೆಯ ಹಿಂದೆ ಹತ್ತೊಂಬತ್ತು ಬಿದ್ದು, ಸವಾದ್ ಎರಡು ವರ್ಷ ಸಾಕಿ ಸಲಹಿದ್ದ ಮುದಿ ನಾವಿಕ ಸತ್ತಿದ್ದ. ದಾಳ ಹೇಳಿದ ಮೇಲೆ ನನ್ನ ಕೈಯಲ್ಲೇನಿದೆ ಎಂದು ನಿರಂಜನ ಕೈ ತೊಳೆದುಕೊಂಡಿದ್ದ. ನಿಯಮ ಅಂದರೆ ನಿಯಮ ಎಂದು ಸವಾದ್ ಮರುಮಾತಾಡದೆ ಹೊಸ ಪಾತ್ರ ಬರೆದುಕೊಂಡಿದ್ದ. ಎಲ್ಲವೂ ತನ್ನ ಕೈಯಲ್ಲೇ ಇತ್ತೆಂದು ಈಗ ಒಂದೇ ಒಂದು ಸುಳ್ಳು ತೋರಿಸಿಕೊಟ್ಟಿತ್ತು.

ಅರ್ಧ ಗಂಟೆ ಹೇಗೋ ಆಡಿಸಿದ. ಭೂತಕ್ಕೆ ಗುಮಾಸ್ತನ ದನಿ ಹೊಂದಲೇ ಇಲ್ಲ. ಕೊನೆಗೆ ಫೈಲನ್ನು ಮಡಚಿ ಪಕ್ಕಕ್ಕಿಟ್ಟ.

"ಆಗ ಬಿದ್ದದ್ದು ಮೂರಲ್ಲ. ಇಪ್ಪತ್ತು."

"ಎಂತಕ್ಕೆ ಸುಳ್ಳು ಹೇಳಿದ್ದು?" ಪರ್ಲ್ ಕೇಳಿದಳು.

ಅವಳ ವಾರ್ಡು, ಅವಳ ವಾರ ಎಂದೇನೋ ಅವನು ತೊದಲಿದ.

"ನಾನು ನರ್ಸು ಮಾರಾಯ್ರೆ, ಪೇಷಂಟ್ ಅಲ್ಲ."

ಸವಾದ್ ಆ ದಾಳವನ್ನು ಕೈಗೆತ್ತಿಕೊಂಡ. "ಅಂದ್ರೆ ನನ್ನವನನ್ನೂ ಉಳಿಸ್ಬಹುದಿತ್ತು ನೀನು."

"ಆವತ್ತು ಹತ್ತೊಂಬತ್ತು ಬಿದ್ದದ್ದು ನಿಜ ಕಣೋ."

"ನಿಜವೇ ಇರ್ಬಹುದು. ನಿಂಗೆ ಮನಸ್ಸು ಬರ್ಲಿಲ್ಲ, ಅಷ್ಟೇ."

ಮೂರೇ ಇರಲಿ, ಆದದ್ದಾಯಿತು ಎಂದು ನಿರಂಜನ ಅಂಗಲಾಚಿದ. ಪರ್ಲ್ ಕೇಳಿಸಿಕೊಳ್ಳದೆ ತನ್ನ ಹಾಳೆಯಲ್ಲಿ ಮೋಂತಿಯ ಹೆಸರಿನ ಮೇಲೆ ಗೆರೆ ಎಳೆದು, ಹೇಗೆ ಸತ್ತಳು ಹೇಳಿ ಅಂದಳು. ಅವನು ಗಂಟಲು ಸರಿಪಡಿಸಿಕೊಂಡ.

"ಸ್ವಲ್ಪ ನಿಧಾನ ಸಾಯ್ಸು ಮಾರಾಯ," ಅಂದ ಸವಾದ್. "ನನ್ನವನನ್ನು ಎರಡೇ ಮಾತಲ್ಲಿ ಮುಗ್ಸಿದ್ದೆ."

ಭೂತದ ದನಿ ಹೊರಡಲಿಲ್ಲ. ನಿರಂಜನ ತನ್ನದೇ ದನಿಯಲ್ಲಿ, ಮೊದಲು ಮುದಿ ನಾವಿಕನ ಸಾವಿನಿಂದ ಶುರು ಮಾಡಿದ.