ಗೌರಕ್ಕನ ಬಾವಿಯ ನೀರು

ಅಂದು ಬೆಳಿಗ್ಗೆ ಹಳದೀಪುರದ ಮೇಲೆ ಇಬ್ಬನಿ ದಟ್ಟವಾಗಿ ಕೂತಿತ್ತು. ತೆಂಗಿನ ಗರಿಗಳಿಂದ ಹನಿ ತೊಟ್ಟಿಕ್ಕುವ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಹೆದ್ದಾರಿಯ ಬಸ್ಸುಗಳು ಎಲ್ಲೋ ದೂರದಲ್ಲಿ ಹೋದಂತಿತ್ತು. ಶ್ರೀರಾಮ ಪಡಸಾಲೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಒಮ್ಮೆ ಕಣ್ಣು ಮುಚ್ಚಿ ದೇವರನ್ನು ನೆನೆದು, ಸಾಹೇಬರಿಗೆ ವಿಡಿಯೋ ಕಾಲ್ ಮಾಡಿದ.

ಸಾಹೇಬರು ಭಟ್ಕಳದ ಬಟ್ಟೆ ವ್ಯಾಪಾರಿ. ಅವರ ಅಂಗಡಿಗಳ ಲೆಕ್ಕವನ್ನು ಶ್ರೀರಾಮ ಮನೆಯಿಂದಲೇ ನೋಡಿಕೊಳ್ಳುತ್ತಿದ್ದ. ದಿನವೂ ಬೆಳಿಗ್ಗೆ ಹಿಂದಿನ ದಿನದ ವ್ಯವಹಾರ ಒಪ್ಪಿಸಬೇಕು. ಆದರೆ ಈ ಕೆಲಸ ಹಿಡಿದಾಗಿನಿಂದ ಸರಿಯಾಗಿ ಅದೇ ಹೊತ್ತಿಗೆ ವೈಫೈ ಕಡಿದುಹೋಗುತ್ತಿತ್ತು. ಮಧ್ಯಾಹ್ನದ ಮೇಲೆ ಏನೂ ತೊಂದರೆಯಿಲ್ಲ.

"ಭಟ್ಟರೇ, ನೀವು ಬಾಯಿ ತೆರೆದಲ್ಲೇ ಕಲ್ಲಾಗ್ತೀರಿ. ನಿಮ್ಮ ಮುಖ ನೋಡ್ತಾ ನನ್ನ ಚಾ ಆರಿಹೋಗ್ತದೆ" ಎಂದು ಮೊದಮೊದಲು ನಗುತ್ತಿದ್ದ ಸಾಹೇಬರು, ಕಡೆಗೆ "ಹೀಗೇ ಆದ್ರೆ ಬೇರೆಯವರನ್ನ ನೋಡ್ಬೇಕಾಗ್ತದೆ" ಎಂದುಬಿಟ್ಟಿದ್ದರು.

ಶ್ರೀರಾಮ ಮಾಡದ ಉಪಾಯವಿರಲಿಲ್ಲ. ರೂಟರ್ ಆರಿಸಿ ಹೊತ್ತಿಸಿದ. ಲ್ಯಾಪ್‌ಟಾಪಿನಲ್ಲಿ ವೈಫೈಯ ಹಳೆಯ ಸಾಫ್ಟ್‌ವೇರ್ ತೆಗೆದು ಹೊಸತು ಹಾಕಿದ. ಹೊನ್ನಾವರದ ಕಂಪ್ಯೂಟರ್ ಅಂಗಡಿಯ ಲೋಕೇಶ ಫೋನಿನಲ್ಲಿ ಹೇಳಿದಂತೆ ಬ್ಯಾಟರಿ ಉಳಿಸುವ ಸೆಟ್ಟಿಂಗನ್ನೂ ತೆಗೆದ. ಮೇಜನ್ನೇ ಅತ್ತಿತ್ತ ಎಳೆದ. ಏನೂ ಆಗಲಿಲ್ಲ. ಆಮೇಲೆ ಅವನ ಮನಸ್ಸು ಪಕ್ಕದ ಮನೆಯ ಕಡೆ ತಿರುಗಿತು.

ಪಕ್ಕದ ಮನೆಯ ಶ್ರೀಗೌರಿಯನ್ನು ಎಲ್ಲರೂ ಗೌರಕ್ಕ ಎನ್ನುತ್ತಿದ್ದರು. ಶ್ರೀರಾಮನ ಬಾವಿಗೆ ಉಪ್ಪುನೀರು ಹೊಕ್ಕಮೇಲೆ ದೇವರ ಪೂಜೆಗೆ ನೀರು ಗೌರಕ್ಕನ ಬಾವಿಯದೇ. ಗೌರಕ್ಕನ ಮಗಳು ಸ್ಮೃತಿಯ ಆನ್‌ಲೈನ್ ಕ್ಲಾಸಿಗೆ ವೈಫೈ ಶ್ರೀರಾಮನದು. ಯಾರೂ ಕೂತು ಮಾಡಿದ ಒಪ್ಪಂದವಲ್ಲ, ಹಾಗೆ ನಡೆದುಕೊಂಡು ಬಂದದ್ದು.

ಒಂದು ದಿನ ಬೇಲಿಯ ಹತ್ತಿರ ನಿಂತು ಅವನು ಕೇಳಿಯೇಬಿಟ್ಟ.

"ಗೌರಕ್ಕಾ, ನಿಮ್ಮನೆ ಸ್ಮೃತಿ ಬೆಳಗಾಗಿದ್ದೇ ತಡ, ಎಂತ ನೋಡ್ತು? ನೆಟ್ ಪೂರಾ ಅದೇ ಎಳ್ಕತ್ತು."

"ಕ್ಲಾಸು ನೋಡ್ತು ತಮಾ. ಪರೀಕ್ಷೆ ಹತ್ರ ಬಂತಲ."

"ಕ್ಲಾಸೋ, ಸಿನೆಮಾನೋ, ಯಾರು ಕಂಡಿದ್ದ!"

ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ಸ್ಮೃತಿ ಕೈಯಲ್ಲಿದ್ದುದನ್ನು ಬಕೆಟ್ಟಿಗೇ ಹಾಕಿ ಒಳಗೆ ಹೋದಳು. ಅಂದೇ ಶ್ರೀರಾಮ ಪಾಸ್‌ವರ್ಡ್ ಬದಲಿಸಿದ.

ಮಾರನೆಯ ಬೆಳಿಗ್ಗೆಯೂ ವೈಫೈ ಕಡಿಯಿತು. ಹುಡುಗಿಯದು ತಪ್ಪಿಲ್ಲವೆಂದು ಅವನಿಗೆ ಆ ಕ್ಷಣವೇ ತಿಳಿಯಿತು. ಆದರೆ ಹೋಗಿ ಹೇಳಲು ನಾಲಿಗೆ ಏಳಲಿಲ್ಲ. ಸ್ಮೃತಿ ಬೆಳಗಿನ ಮೊದಲ ಬಸ್ಸು ಹಿಡಿದು, ಕುಮಟಾದ ಗೆಳತಿಯ ಮನೆಯಲ್ಲಿ ಕೂತು ಕ್ಲಾಸು ಕೇಳತೊಡಗಿದಳು. ಅವಳು ಲ್ಯಾಪ್‌ಟಾಪ್ ಚೀಲ ಎದೆಗವಚಿಕೊಂಡು ಹೋಗುವಾಗ ಶ್ರೀರಾಮ ಕಿಟಕಿಯಿಂದ ಹಿಂದೆ ಸರಿಯುತ್ತಿದ್ದ.

ಅವನ ತಾಯಿ ಪರಮೇಶ್ವರಿಯಮ್ಮ ಮಾತ್ರ ಎಂದಿನಂತೆ ಮಡಿಯುಟ್ಟು ಗೌರಕ್ಕನ ಬಾವಿಗೆ ಹೋಗಿ ಬರುತ್ತಿದ್ದರು.

"ಆಯೀ, ಗೌರಕ್ಕ ಎಂತಾರೂ ಹೇಳ್ತಾ?"

"ಎಂತದೂ ಇಲ್ಲೆ. ಹಗ್ಗ ಹಳತಾಗಿತ್ತು, ಯನ್ನ ಕೈ ಜಾರುಗು ಹೇಳಿ ಗೌರಕ್ಕನೇ ಹೊಸತು ಕಟ್ಟಿಟ್ಟಿದ್ದು."

ಅವನಿಗೆ ಆ ದಿನ ಊಟ ಸೇರಲಿಲ್ಲ.

ಇಬ್ಬನಿಯ ಈ ಬೆಳಿಗ್ಗೆ ಮಾತ್ರ ಸಾಹೇಬರ ಕಾಲ್ ಒಮ್ಮೆಯೂ ಕಡಿಯಲಿಲ್ಲ.

"ಎಂತ ಭಟ್ಟರೇ, ಇವತ್ತು ಕಲ್ಲಿಗೆ ಜೀವ ಬಂತಲ್ಲ!" ಎಂದು ಸಾಹೇಬರು ನಕ್ಕರು.

ಶ್ರೀರಾಮ ಸುತ್ತ ನೋಡಿದ. ಇಂದು ಬೇರೆ ಏನಿದೆ? ದಾಯಾದಿಗಳ ಮನೆಯಲ್ಲಿ ಮಗು ಹುಟ್ಟಿ ಸೂತಕ ಬಂದಿತ್ತು. ಹಾಗಾಗಿ ಪೂಜೆಯಿಲ್ಲ, ಮಡಿನೀರೂ ಇಲ್ಲ. ದೇವರ ಕೋಣೆಯ ಎತ್ತರದ ಹಲಗೆಯ ಮೇಲೆ ರೂಟರ್ ಒಂದೇ ಮಿನುಗುತ್ತಿತ್ತು. ಅದರ ಮುಂದೆ ದಿನವೂ ಇರುತ್ತಿದ್ದ ಮಡಿನೀರಿನ ತಾಮ್ರದ ಕೊಡ ಅಡಿಗೆಮನೆಯಲ್ಲಿ ಬೋರಲಾಗಿತ್ತು.

ಅವನು ಕೊಡ ತುಂಬಿ ತಂದು ಹಲಗೆಯ ಮೇಲಿಟ್ಟ. ಲ್ಯಾಪ್‌ಟಾಪಿನಲ್ಲಿ ವೈಫೈಯ ಗೆರೆಗಳು ಕುಸಿದವು. ಕೊಡ ಕೆಳಗಿಳಿಸಿದ, ಗೆರೆಗಳು ಎದ್ದವು. ಮತ್ತೆ ಇಟ್ಟ, ಮತ್ತೆ ಇಳಿಸಿದ.

"ಎಂತ ಆಟನೋ ಅದು?" ಎಂದರು ಪರಮೇಶ್ವರಿಯಮ್ಮ.

ಮನೆಯಲ್ಲಿ ಎಲ್ಲವನ್ನೂ ಸರಿಸಿ ನೋಡಿದವನು ಅದೊಂದನ್ನು ಮುಟ್ಟಿರಲಿಲ್ಲ. ಮಡಿನೀರನ್ನು ಮುಟ್ಟುವುದುಂಟೆ? ಮೊದಲೆಲ್ಲ ಬೆಳಕು ಹರಿಯುವಾಗಲೇ ಪೂಜೆ ಮುಗಿದು ಕೊಡ ಬರಿದಾಗುತ್ತಿತ್ತು. ಈ ಕೆಲಸ ಬಂದಮೇಲೆ ಪೂಜೆಯನ್ನು ಕಾಲ್ ಮುಗಿದಮೇಲೆ ಎಂದು ಮುಂದೆ ಹಾಕಿದವನು ಅವನೇ. ಅಷ್ಟು ಹೊತ್ತು ದೇವರು ಕಾಯುತ್ತಿದ್ದ, ನೀರು ಕಾಯುತ್ತಿತ್ತು. ಹುಡುಗಿಯನ್ನು ಹೊರಗೆ ಹಾಕಿ, ಅವಳ ತಾಯಿ ಕೊಟ್ಟ ನೀರನ್ನೇ ಅವನು ರೂಟರಿಗೆ ಅಡ್ಡ ಇಟ್ಟುಕೊಂಡಿದ್ದ.

ಸಂಜೆ ಸ್ಮೃತಿ ಬಸ್ಸಿಳಿದು ಬರುವುದನ್ನು ಕಾದು, ಅವನು ಬೇಲಿ ದಾಟಿ ಹೋದ. ಗೌರಕ್ಕ ಜಗಲಿಯಲ್ಲಿ ಹೂವು ಕಟ್ಟುತ್ತಿದ್ದರು.

"ಗೌರಕ್ಕಾ, ತಪ್ಪು ಸ್ಮೃತಿದಲ್ಲ. ನಮ್ಮನೆ ಕೊಡದ್ದು." ತಾನೇ ತಿದ್ದಿಕೊಂಡು, "ಕೊಡದ್ದೂ ಅಲ್ಲ, ಯನ್ನದು" ಎಂದ. ಎಲ್ಲವನ್ನೂ ಹೇಳಿದ, ಅವಳದು ತಪ್ಪಿಲ್ಲವೆಂದು ಪಾಸ್‌ವರ್ಡ್ ಬದಲಿಸಿದ ಮಾರನೆಯ ದಿನವೇ ಗೊತ್ತಾಗಿತ್ತೆಂಬುದನ್ನೂ.

ಗೌರಕ್ಕ ತಲೆಯೆತ್ತಲಿಲ್ಲ. "ಸೂತಕ ಕಳದ್ಮೇಲೆ ನೀರಿಗೆ ಬಪ್ಪಲೆ ಹೇಳು ಆಯಿಗೆ" ಎಂದರು.

ಶ್ರೀರಾಮ ಸ್ಮೃತಿಯ ಕಡೆ ಕೈ ಚಾಚಿದ. "ಲ್ಯಾಪ್‌ಟಾಪ್ ಒಂಚೂರು ಕೊಡು ತಂಗೀ."

ಅವಳು ತಾಯಿಯ ಮುಖ ನೋಡಿ, ಚೀಲದಿಂದ ತೆಗೆದು ಕೊಟ್ಟಳು. ಜಗಲಿಯ ಅಂಚಿನಲ್ಲಿ ಕೂತು ಅವನು ಹೊಸ ಪಾಸ್‌ವರ್ಡ್ ಒತ್ತಿದ. ಗೆರೆಗಳು ತುಂಬಿಕೊಂಡವು. ಮುಚ್ಚಳ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಹಿಂದಿರುಗಿಸಿದ.